ನೋಡುಗರ ಲೆಕ್ಕ ಓದುವುದು ಹೇಗೆ: ಕನ್ನಡದ ಎಲೆಕ್ಟ್ರಾನಿಕ್ಸ್ ಮಾಹಿತಿ ತಾಣ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕೂತು ಕನ್ನಡದಲ್ಲಿ ಎಲೆಕ್ಟ್ರಾನಿಕ್ಸ್ ಮಾಹಿತಿ ತಾಣ ನಡೆಸುವವರಿಗೆ ತಿಂಗಳ ಕೊನೆಗೆ ಹೋಸ್ಟಿಂಗ್ ಕಂಪನಿಯವರು ಒಂದು ದೊಡ್ಡ ಸಂಖ್ಯೆ ತೋರಿಸುತ್ತಾರೆ: ಇಷ್ಟು ಸಾವಿರ ಹಿಟ್ಸ್. ಮೊದಲು ಆ ಸಂಖ್ಯೆಯನ್ನು ಪಕ್ಕಕ್ಕಿಡಿ. ಒಂದು ಪುಟ, ಅದರ ಸ್ಟೈಲ್ ಫೈಲ್, ಲೋಗೋ, ನಾಲ್ಕು ಸರ್ಕ್ಯೂಟ್ ಚಿತ್ರ ಸೇರಿದರೆ ಒಬ್ಬರು ಒಂದು ಸಲ ಇಣುಕಿದ್ದಕ್ಕೇ ಏಳು ಹಿಟ್ ಆಗುತ್ತವೆ. ಅದರ ಮೇಲೆ ಹಗಲೂರಾತ್ರಿ ಬಂದು ಹೋಗುವ ಬಾಟ್‌ಗಳ (ತಾವಾಗಿಯೇ ಪುಟ ಕೇಳುವ ತಂತ್ರಾಂಶಗಳ) ಗದ್ದಲ ಬೇರೆ.

ಈ ಲೆಕ್ಕದಿಂದ ತಿಳಿಯಬೇಕಾದದ್ದು ಒಂದೇ: ಈಗ ಯಾರದೋ ಮೇಜಿನ ಮೇಲೆ ಯಾವ ಬಿಡಿಭಾಗ ಇದೆ, ಅವರು ಎಲ್ಲಿ ತಡವರಿಸುತ್ತಿದ್ದಾರೆ. ಅದು ಗೊತ್ತಾದರೆ ಯಾವ ಪುಟ ತಿದ್ದಬೇಕು ಎಂಬುದೂ ಗೊತ್ತಾಗುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಸಲಕರಣೆ ಯಾವುದೂ ಬೇಡ. ಸರ್ವರ್ ಲಾಗ್ (ಯಾರು ಯಾವ ಪುಟ ಕೇಳಿದರು ಎಂದು ಸರ್ವರ್ ಬರೆದಿಡುವ ಕಡತ), ಲೆಕ್ಕದ ಹಾಳೆಯ ತಂತ್ರಾಂಶ ಲಿಬ್ರೆಆಫೀಸ್ ಕ್ಯಾಲ್ಕ್, ಜನ ಏನು ಹುಡುಕಿ ಬಂದರು ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್, ನಿಮ್ಮ ತಾಣದ್ದೇ ಹುಡುಕು ಪೆಟ್ಟಿಗೆ: ಇಷ್ಟು ಸಾಕು. ವಾರಕ್ಕೆ ಎರಡು ಗಂಟೆ ಬಿಡುವು ಮಾಡಿಕೊಳ್ಳಿ.

ಹೆಜ್ಜೆ 1: ಲಾಗ್ ಅಳಿಸಿಹೋಗದಂತೆ ನೋಡಿಕೊಳ್ಳಿ

ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಿಪ್ಯಾನಲ್ ಎಂಬ ನಿರ್ವಹಣಾ ಪುಟ ಇದ್ದರೆ ‘ರಾ ಆಕ್ಸೆಸ್’ ಎಂಬ ಜಾಗಕ್ಕೆ ಹೋಗಿ, ಲಾಗ್‌ಗಳನ್ನು ಆರ್ಕೈವ್ ಮಾಡುವ ಆಯ್ಕೆಗೆ ಟಿಕ್ ಹಾಕಿ. ಹಾಕದಿದ್ದರೆ ಹಳೆಯ ಸಾಲುಗಳು ತಾವಾಗಿಯೇ ಹೋಗಿಬಿಡುತ್ತವೆ. ಸ್ವಂತ ವಿಪಿಎಸ್‌ನಲ್ಲಿ (ಬಾಡಿಗೆಗೆ ಪಡೆದ ಪ್ರತ್ಯೇಕ ಸರ್ವರ್) ಉಬುಂಟು ಅಥವಾ ಡೆಬಿಯನ್ ಇದ್ದರೆ ಹಳೆಯ ಲಾಗ್ ಅಳಿಸುವ ಲಾಗ್‌ರೊಟೇಟ್ ಸಾಮಾನ್ಯವಾಗಿ 14 ದಿನದ ಲಾಗ್ ಮಾತ್ರ ಇಟ್ಟುಕೊಳ್ಳುತ್ತದೆ. ಅದನ್ನು 60ಕ್ಕೆ ಏರಿಸಿ. ಅದಕ್ಕಿಂತ ಹೆಚ್ಚು ದಿನ ಇಡಬೇಡಿ. ಐಪಿ ವಿಳಾಸವೂ (ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ಸಂಖ್ಯೆ) ಒಬ್ಬ ಮನುಷ್ಯನ ಸುಳಿವು ಕೊಡಬಲ್ಲದು, ಅದರಿಂದ ನಿಮಗೆ ಆಗಬೇಕಾದ ಕೆಲಸ ಎರಡು ತಿಂಗಳಲ್ಲಿ ಮುಗಿದಿರುತ್ತದೆ.

ಹೆಜ್ಜೆ 2: ಒಂದು ಸಾಲು ಓದುವುದನ್ನು ಕಲಿಯಿರಿ

ಅಪಾಚೆ ಮತ್ತು ಎನ್‌ಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶಗಳು ಎರಡೂ ‘ಕಂಬೈನ್ಡ್’ ಎಂಬ ಒಂದೇ ಬಗೆಯ ಸಾಲು ಬರೆಯುತ್ತವೆ. ಕನ್ನಡದಲ್ಲಿ ಬರೆದುಕೊಂಡರೆ ಅದು ಹೀಗಿರುತ್ತದೆ:

203.0.113.27 - - [14/ಜುಲೈ/2025:15:12:08 +0000] "ಗೆಟ್ /ಬಿಸಿ547" 200 18432 "ಗೂಗಲ್" "ಆಂಡ್ರಾಯ್ಡ್ 10, ಕೆ … ಕ್ರೋಮ್ ಮೊಬೈಲ್"

ಎಡದಿಂದ: ವಿಳಾಸ, ಎರಡು ಖಾಲಿ ಗೆರೆ, ಸಮಯ, ಕೇಳಿದ ಪುಟ, ಉತ್ತರದ ಸಂಕೇತ, ಎಷ್ಟು ಬೈಟ್, ಎಲ್ಲಿಂದ ಬಂದರು, ಯಾವ ಬ್ರೌಸರ್. ಇದರಲ್ಲಿ ಮೂರು ಕಡೆ ಎಲ್ಲರೂ ಎಡವುತ್ತಾರೆ.

ಸಮಯದ ಪಕ್ಕದ +0000 ಎಂದರೆ ಸರ್ವರ್ ಇರುವುದು ಜಾಗತಿಕ ಸಮಯದಲ್ಲಿ. 15:12ಕ್ಕೆ ಐದೂವರೆ ಗಂಟೆ ಸೇರಿಸಿ, ನಮ್ಮ ರಾತ್ರಿ 8:42 ಆಯಿತು. ಸೇರಿಸುವುದನ್ನು ಮರೆತವರು ಸಂಜೆಯ ರಿಪೇರಿಯನ್ನು ಮಧ್ಯಾಹ್ನದ ಕಾಲೇಜು ಎಂದುಕೊಳ್ಳುತ್ತಾರೆ.

ಎರಡನೆಯದು ‘ಆಂಡ್ರಾಯ್ಡ್ 10, ಕೆ’. ಇದು ಫೋನಿನ ಮಾಡೆಲ್ ಅಲ್ಲ. 2023ರಿಂದ ಆಂಡ್ರಾಯ್ಡ್ ಕ್ರೋಮ್ ಎಲ್ಲ ಫೋನುಗಳಿಗೂ ಇದೇ ಹೆಸರು ಹೇಳಿಕೊಳ್ಳುತ್ತದೆ. ಇದನ್ನು ನೋಡಿ ‘ನಮ್ಮ ಓದುಗರೆಲ್ಲ ಹಳೆಯ ಫೋನಿನವರು’ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ.

ಮೂರನೆಯದು ‘ಗೂಗಲ್’. ಏನು ಹುಡುಕಿ ಬಂದರು ಎಂಬುದು ಅಲ್ಲಿಲ್ಲ. ಗೂಗಲ್ ತನ್ನ ಹುಡುಕಾಟದ ಪದಗಳನ್ನು ಮುಚ್ಚಿಡಲು ಶುರುಮಾಡಿದ್ದು 2011ರಲ್ಲಿ. ಈಗ ಸಿಗುವುದು ಯಾವ ತಾಣದಿಂದ ಬಂದರು ಎಂಬುದಷ್ಟೇ.

ಹೆಜ್ಜೆ 3: ಕ್ಯಾಲ್ಕ್‌ಗೆ ಹಾಕಿ

ಸೋಮವಾರದಿಂದ ಭಾನುವಾರದವರೆಗೆ ಒಂದು ವಾರದ ಲಾಗ್ ತೆಗೆದುಕೊಳ್ಳಿ. ಫೈಲ್ ತೆರೆಯುವಾಗ ವಿಭಜಕ ‘ಸ್ಪೇಸ್’, ಪಠ್ಯದ ಗುರುತು ‘ಜೋಡಿ ಉದ್ಧರಣ ಚಿಹ್ನೆ’ ಎಂದು ಆರಿಸಿದರೆ ಹತ್ತು ಕಾಲಂ ಬರುತ್ತವೆ. ನಾಲ್ಕನೆಯದು ಸಮಯ, ಆರನೆಯದು ಪುಟ, ಏಳನೆಯದು ಸಂಕೇತ, ಒಂಬತ್ತನೆಯದು ಬಂದ ದಾರಿ, ಹತ್ತನೆಯದು ಬ್ರೌಸರ್. ಹತ್ತಕ್ಕಿಂತ ಹೆಚ್ಚು ಕಾಲಂ ಬಂದ ಸಾಲು ಬಹುಪಾಲು ದಾಳಿಕೋರ ಬಾಟ್‌ನದು, ಅಳಿಸಿ. ಒಂದು ಹಾಳೆಯಲ್ಲಿ 10,48,576 ಸಾಲು ಹಿಡಿಯುತ್ತವೆ. ಅದಕ್ಕೂ ಮೀರಿದರೆ ಗೋಆಕ್ಸೆಸ್‌ನಂಥ ಉಚಿತ ತಂತ್ರಾಂಶ ಬಳಸಿ. ಆದರೆ ಮೊದಲ ಎರಡು ವಾರ ಕೈಯಾರೆ ಮಾಡಿ. ಸಾಲುಗಳನ್ನು ಕಣ್ಣಾರೆ ನೋಡದೆ ಗ್ರಾಫ್ ನಂಬುವುದು, ಮೀಟರ್ ಪ್ರೋಬ್ ಮುಟ್ಟಿಸದೆ ವೋಲ್ಟೇಜ್ ಹೇಳಿದ ಹಾಗೆ.

ಹೆಜ್ಜೆ 4: ಬಾಟ್‌ಗಳನ್ನು ಜಾಲಿಸಿ

ಅಕ್ಕಿ ಆರಿಸಿದಂತೆ ಒಂದು ಕ್ರಮದಲ್ಲಿ ಮಾಡಿ.

ಮೊದಲು ಹತ್ತನೆಯ ಕಾಲಂನಲ್ಲಿ ಬಾಟ್, ಕ್ರಾಲರ್, ಸ್ಪೈಡರ್ ಎಂಬ ಪದಗಳಿರುವ ಸಾಲುಗಳನ್ನು ತೆಗೆಯಿರಿ. ಗೂಗಲ್‌ಬಾಟ್, ಬಿಂಗ್‌ಬಾಟ್, ಜಿಪಿಟಿಬಾಟ್, ಎಚ್‌ರೆಫ್ಸ್‌ಬಾಟ್ ಎಲ್ಲ ಇಲ್ಲೇ ಉದುರುತ್ತವೆ. ಆಮೇಲೆ ವರ್ಡ್‌ಪ್ರೆಸ್ ಲಾಗಿನ್ ಪುಟ, ಡಾಟ್ ಎನ್ವ್ ಫೈಲ್ (ತಾಣದ ಗುಟ್ಟಿನ ಪದಗಳಿರುವುದು) ಕೇಳಿದ ವಿಳಾಸಗಳ ಎಲ್ಲ ಸಾಲುಗಳನ್ನೂ ತೆಗೆಯಿರಿ. ರೆಸಿಸ್ಟರ್ ಬಣ್ಣ ನೋಡಲು ಬಂದವರಿಗೆ ಆ ಫೈಲ್‌ಗಳಿಂದ ಏನೂ ಆಗಬೇಕಿಲ್ಲ. ಕೊನೆಗೆ, ಪುಟಗಳನ್ನು ಮಾತ್ರ ಎತ್ತಿಕೊಂಡು ಸ್ಟೈಲ್ ಫೈಲ್ ಅಥವಾ ಚಿತ್ರ ಒಂದನ್ನೂ ಕೇಳದ ವಿಳಾಸಗಳನ್ನು ಪಟ್ಟಿ ಮಾಡಿ. ಬ್ರೌಸರ್ ಎಂದು ಹೇಳಿಕೊಂಡು ಬರುವ ಬಾಟ್‌ಗಳು ಹೆಚ್ಚಾಗಿ ಹೀಗೆಯೇ ಸಿಕ್ಕಿಬೀಳುತ್ತವೆ.

ಎರಡು ಕಡೆ ಕೈ ತಡೆಯಬೇಕು.

ಒಂದೇ ವಿಳಾಸದಿಂದ ಹತ್ತು ನಿಮಿಷದಲ್ಲಿ ಇಪ್ಪತ್ತೈದು ಸಲ ಒಂದೇ ಪುಟ ತೆರೆದಿದ್ದರೆ ಕೂಡಲೇ ಅಳಿಸಬೇಡಿ. ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್ ಲ್ಯಾಬ್‌ಗಳಲ್ಲಿ ಮೂವತ್ತು ಕಂಪ್ಯೂಟರ್ ಒಂದೇ ಹೊರ ವಿಳಾಸದ ಹಿಂದೆ ಇರುತ್ತವೆ. ಬ್ರೌಸರ್ ಆವೃತ್ತಿಗಳು ಬೇರೆಬೇರೆ ಇದ್ದು, ಚಿತ್ರಗಳೂ ಇಳಿದಿದ್ದು, ಹೊತ್ತು ಬೆಳಗ್ಗೆ 10ರಿಂದ ಸಂಜೆ 4ರ ಒಳಗಿದ್ದರೆ ಅದು ಒಂದು ಬ್ಯಾಚ್. ಮುಂದಿನ ವಾರವೂ ಅದೇ ದಿನ, ಅದೇ ಹೊತ್ತಿಗೆ ಬಂದರೆ ಲ್ಯಾಬ್ ವೇಳಾಪಟ್ಟಿಯೇ ನಿಮ್ಮ ಲಾಗ್‌ನಲ್ಲಿದೆ ಎಂದಾಯಿತು.

ಇನ್ನೊಂದು ವಾಟ್ಸಾಪ್. ಯಾರಾದರೂ ನಿಮ್ಮ ಕೊಂಡಿಯನ್ನು ಚಾಟ್‌ನಲ್ಲಿ ಹಾಕಿದಾಗ ಪುಟ್ಟ ಮುನ್ನೋಟ ತಯಾರಿಸಲು ವಾಟ್ಸಾಪ್ ತನ್ನ ಹೆಸರಿನಲ್ಲೇ ಬಂದು ಪುಟ ಕೇಳುತ್ತದೆ. ಇದು ಓದುಗನಲ್ಲ, ಆದರೆ ಕಸವೂ ಅಲ್ಲ. ಕೊಂಡಿ ಒತ್ತಿ ಬಂದವರ ಸಾಲಿನಲ್ಲಿ ಎಲ್ಲಿಂದ ಬಂದರು ಎಂಬ ಕಾಲಂ ಹೆಚ್ಚಾಗಿ ಖಾಲಿ ಇರುವುದರಿಂದ, ಯಾರೋ ಇನ್ನೊಬ್ಬರಿಗೆ ಕಳಿಸಿದರು ಎಂಬುದಕ್ಕೆ ಈ ಮುನ್ನೋಟದ ಸಾಲೇ ಸಿಗುವ ಸುಳಿವು. ಇವನ್ನು ಬೇರೆ ಹಾಳೆಗೆ ಹಾಕಿ. ಒಬ್ಬ ಮೆಕ್ಯಾನಿಕ್ ಇನ್ನೊಬ್ಬನಿಗೆ ‘ಇದನ್ನ ನೋಡು ಮಾರಾಯ’ ಎಂದು ಕಳಿಸುವ ಪುಟ ಯಾವುದು ಎಂಬುದು ಒಟ್ಟು ಹಿಟ್‌ಗಿಂತ ಎಷ್ಟೋ ಬೆಲೆಬಾಳುವ ಸುದ್ದಿ.

ಹೆಜ್ಜೆ 5: ಸಂಕೇತಗಳನ್ನು ಸರಿಯಾಗಿ ಎಣಿಸಿ

200 (ಪುಟ ಸರಿಯಾಗಿ ಸಿಕ್ಕಿತು) ಮಾತ್ರ ಇಟ್ಟು ಉಳಿದದ್ದು ಅಳಿಸುವುದು ರೂಢಿ. ಹಾಗೆ ಮಾಡಿದರೆ ಮತ್ತೆ ಮತ್ತೆ ಬರುವ ಓದುಗರೇ ಹೊರಟುಹೋಗುತ್ತಾರೆ. 304 ಎಂದರೆ ‘ಪುಟ ಬದಲಾಗಿಲ್ಲ, ನಿನ್ನಲ್ಲಿರುವುದನ್ನೇ ತೋರಿಸು’ ಎಂದು ಸರ್ವರ್ ಹೇಳಿದ್ದು. ಅಂದರೆ ಆ ಮನುಷ್ಯ ಮೊದಲೂ ಬಂದಿದ್ದ. 200 ಮತ್ತು 304 ಎರಡನ್ನೂ ಎಣಿಸಿ. 206 ಬರುವುದು ಪಿಡಿಎಫ್ ಡೇಟಾಶೀಟ್‌ಗೆ. ಫೈಲ್ ತುಣುಕು ತುಣುಕಾಗಿ ಇಳಿಯುವಾಗ ಒಂದೇ ಡೌನ್‌ಲೋಡ್ ಹತ್ತಾರು ಸಾಲಾಗುತ್ತದೆ. ವಿಳಾಸ, ಫೈಲ್, ಗಂಟೆ ಮೂರೂ ಒಂದೇ ಇದ್ದರೆ ಒಂದು ಎಂದು ಎಣಿಸಿ. 404 (ಕೇಳಿದ ಪುಟ ಇಲ್ಲ) ಸಾಲುಗಳನ್ನು ಬೇರೆ ಹಾಳೆಗೆ ಹಾಕಿಡಿ. ಒಂಬತ್ತನೆಯ ಹೆಜ್ಜೆಗೆ ಬೇಕಾಗುತ್ತವೆ.

ಹೆಜ್ಜೆ 6: ಊರಿನ ಪಟ್ಟಿಯನ್ನು ನಂಬಬೇಡಿ

ಬಹುತೇಕ ವರದಿಗಳಲ್ಲಿ ಬೆಂಗಳೂರು ಮೇಲೆ, ದಾವಣಗೆರೆ ಎಲ್ಲೋ ಕೆಳಗೆ, ಮೊಳಕಾಲ್ಮೂರು ಇಲ್ಲವೇ ಇಲ್ಲ. ಮೊಬೈಲ್ ಕಂಪನಿಯ ಸಂಪರ್ಕ ದೊಡ್ಡ ನಗರದ ಗೇಟ್‌ವೇ ಮೂಲಕ ಹೊರಬೀಳುತ್ತದೆ, ಯಾವ ಐಪಿ ವಿಳಾಸ ಯಾವ ಊರಿನದು ಎಂದು ಹೇಳುವ ಪಟ್ಟಿ ಆ ನಗರದ ಹೆಸರನ್ನೇ ಬರೆಯುತ್ತದೆ. ನೀವೇ ಪರೀಕ್ಷಿಸಿ: ವೈಫೈ ಆಫ್ ಮಾಡಿ, ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನಿಂತು ನಿಮ್ಮ ತಾಣದ ಒಂದು ಪುಟವನ್ನು ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಮತ್ತು ‘ಪರೀಕ್ಷೆ1’ ಎಂದು ಸೇರಿಸಿ ತೆರೆಯಿರಿ. ಹಿರಿಯೂರಿಗೋ ಹರಿಹರಕ್ಕೋ ಹೋದಾಗ ‘ಪರೀಕ್ಷೆ2’ ಎಂದು ಹಾಕಿ. ಲಾಗ್‌ನಲ್ಲಿ ಆ ಎರಡು ಸಾಲು ಹುಡುಕಿ, ವಿಳಾಸಗಳಿಗೆ ಯಾವ ಊರಿನ ಹೆಸರು ಬರುತ್ತದೆ ನೋಡಿ.

ಒಬ್ಬರನ್ನು ಗುರುತಿಸುವುದಕ್ಕೂ ವಿಳಾಸ ಸಾಲದು. ಹಳೆಯ ಬಗೆಯ ವಿಳಾಸವಾದ ಐಪಿವಿ4ನಲ್ಲಿ ನೂರಾರು ಫೋನು ಒಂದೇ ವಿಳಾಸ ಹಂಚಿಕೊಳ್ಳುತ್ತವೆ. ಹೊಸ ಬಗೆಯ ಐಪಿವಿ6ನಲ್ಲಿ ಒಂದೇ ಫೋನು ಆಗಾಗ ವಿಳಾಸ ಬದಲಿಸುತ್ತದೆ. ‘ಇಂದು 412 ಜನ ಬಂದರು’ ಎಂಬಂಥ ಮಾತು ಹಾಗಾಗಿ ಎರಡೂ ಕಡೆಯಿಂದ ಸುಳ್ಳು. ‘ಈ ಪುಟ ಇಷ್ಟು ಸಲ ತೆರೆಯಿತು’ ಎಂಬುದಷ್ಟೇ ಗಟ್ಟಿ.

ಊರು ತಿಳಿಯಬೇಕಿದ್ದರೆ ಪದಗಳನ್ನು ನೋಡಿ. ‘ಬೋರ್‌ವೆಲ್ ಆಟೋ ಸ್ಟಾರ್ಟರ್’, ‘ಸಿಂಗಲ್ ಫೇಸಿಂಗ್ ಪ್ರಿವೆಂಟರ್’, ‘ಮೋಟರ್ ಕಂಡೆನ್ಸರ್’ ಎಂದು ಕನ್ನಡದಲ್ಲಿ ಹುಡುಕುವವರು ತೋಟಕ್ಕೆ ನೀರು ಬಿಡುವವರು. ಚನ್ನಗಿರಿಯ ಅಡಿಕೆಯವರೋ ಹೊಸದುರ್ಗದ ತೆಂಗಿನವರೋ ಎಂಬುದು ಲಾಗ್‌ನಿಂದ ಗೊತ್ತಾಗದು. ಆದರೆ ಅವರಿಗೆ ಬೇಕಾದ ಪುಟ ಯಾವುದು ಎಂಬುದು ಗೊತ್ತಾಯಿತಲ್ಲ.

ಹೆಜ್ಜೆ 7: ಪುಟ ಪುಟವಾಗಿ ಓದಿ

ಅಸಲು ಕೆಲಸ ಇಲ್ಲಿದೆ. ಕ್ಯಾಲ್ಕ್‌ನ ಪಿವಟ್ ಟೇಬಲ್‌ನಲ್ಲಿ (ಸಾಲುಗಳನ್ನು ಗುಂಪು ಮಾಡಿ ಎಣಿಸುವ ಪಟ್ಟಿ) ಅಡ್ಡಕ್ಕೆ ಗಂಟೆ, ಉದ್ದಕ್ಕೆ ಪುಟ ಹಾಕಿ. ಮೇಲಿನ ಇಪ್ಪತ್ತು ಪುಟ ಸಾಕು.

*ಕಾಲಿನ ವಿನ್ಯಾಸದ ಪುಟ.* ಬಿಸಿ547 ಟ್ರಾನ್ಸಿಸ್ಟರ್ ಪುಟಕ್ಕೆ ಬಂದವರು ಎಂಟು ಸೆಕೆಂಡಿನಲ್ಲಿ ಹೊರಟರೆ ಭೇಟಿ ಅಳೆಯುವ ಗೂಗಲ್ ಅನಲಿಟಿಕ್ಸ್ ಅದನ್ನು ‘ಬೌನ್ಸ್’ (ನಿಲ್ಲದೆ ಮರಳಿದ ಭೇಟಿ) ಎನ್ನುತ್ತದೆ. 10 ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಕು, ಇಲ್ಲವೇ ಎರಡು ಪುಟ ನೋಡಬೇಕು ಎಂಬುದು ಅದರ ಅಳತೆ. ಈ ಅಳತೆ ಸುದ್ದಿ ತಾಣಕ್ಕೆ ಸರಿ, ನಮಗಲ್ಲ. ಒಂದು ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದವನಿಗೆ ಬೇಕಾದದ್ದು ‘ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ, ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್’ ಎಂಬ ಒಂದು ಸಾಲು. ಅದು ಎಂಟು ಸೆಕೆಂಡಿನಲ್ಲಿ ಸಿಕ್ಕಿದರೆ ಪುಟ ಗೆದ್ದಿತು.

ಕೆಟ್ಟ ಲಕ್ಷಣ ಬೇರೆಯದು: ಅದೇ ವಿಳಾಸ, ಅದೇ ಬ್ರೌಸರ್ ಅರ್ಧ ಗಂಟೆಯೊಳಗೆ ಅದೇ ಪುಟಕ್ಕೆ ಮೂರು ಸಲ ಬರುವುದು. ಬೆಸುಗೆ ಹಾಕಿ, ಕೆಲಸ ಮಾಡದೆ, ಮತ್ತೆ ಬಂದಿದ್ದಾರೆ ಎಂಬ ಅನುಮಾನ ಇಡಬಹುದು. 2222 ಟ್ರಾನ್ಸಿಸ್ಟರ್ ಪುಟದಲ್ಲಿ ಇದು ಕಂಡರೆ ಆಶ್ಚರ್ಯವಿಲ್ಲ. ಪಿಎನ್2222ಎ ಕಾಲುಗಳು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಪಿ2ಎನ್2222ಎ ಪೂರ್ತಿ ತಿರುಗುಮುರುಗು: ಕಲೆಕ್ಟರ್, ಬೇಸ್, ಎಮಿಟರ್. ಪುಟದಲ್ಲಿ ಒಂದೇ ಚಿತ್ರ ಇದ್ದರೆ ಅರ್ಧದಷ್ಟು ಓದುಗರಿಗೆ ತಪ್ಪು ಹೇಳಿದಂತೆ. ಎರಡು ಚಿತ್ರ ಅಕ್ಕಪಕ್ಕ ಹಾಕಿ, ಮೈಮೇಲಿನ ಅಕ್ಷರ ಓದಲು ಹೇಳಿ.

*ಜೋಡಿ ಪುಟಗಳು.* ಯಾವ ಪುಟದಿಂದ ಯಾವ ಪುಟಕ್ಕೆ ಹಾರುತ್ತಾರೆ ಎಂಬುದು ಒಂಬತ್ತನೆಯ ಕಾಲಂನಲ್ಲಿ ಸಿಗುತ್ತದೆ. ನಿಮ್ಮ ತಾಣದೊಳಗಿನ ಹಾರಾಟಕ್ಕೆ ಹಿಂದಿನ ಪುಟದ ಪೂರ್ತಿ ವಿಳಾಸವೇ ಇರುತ್ತದೆ. 555 ಟೈಮರ್ ಪುಟದಿಂದ ಕೆಪಾಸಿಟರ್ ಸಂಕೇತದ ಪುಟಕ್ಕೆ ಓಡುತ್ತಿದ್ದರೆ, ಸರ್ಕ್ಯೂಟ್‌ನಲ್ಲಿ ‘0.1 ಮೈಕ್ರೋಫ್ಯಾರಡ್’ ಎಂದು ಬರೆದಿದ್ದೀರಿ, ಅವರ ಕೈಯಲ್ಲಿರುವುದರ ಮೇಲೆ ‘104’ ಎಂದಿದೆ. ಚಿತ್ರದಲ್ಲೇ ಎರಡನ್ನೂ ಬರೆಯಿರಿ. 7805 (5 ವೋಲ್ಟ್ ರೆಗ್ಯುಲೇಟರ್ ಐಸಿ) ಪುಟದಿಂದ ಹೀಟ್‌ಸಿಂಕ್ ಪುಟಕ್ಕೆ ಹೋಗುತ್ತಿದ್ದರೆ ಐಸಿ ಕೈ ಸುಡುತ್ತಿದೆ. 12 ವೋಲ್ಟ್ ಕೊಟ್ಟು 5 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್ ಎಳೆದರೆ ಉಳಿದ 7 ವೋಲ್ಟ್‌ನಿಂದ 3.5 ವ್ಯಾಟ್ ಶಾಖ. ಹೀಟ್‌ಸಿಂಕ್ ಇಲ್ಲದಿದ್ದರೆ ಐಸಿ ಕಾದು ತಾನೇ ಬಾಗಿಲು ಹಾಕುತ್ತದೆ. ಆ ಲೆಕ್ಕ 7805 ಪುಟದಲ್ಲೇ ಇರಬೇಕು.

*ಕ್ಯಾಲ್ಕುಲೇಟರ್ ಪುಟ.* ಓದುಗರು ತುಂಬಿದ ಅಂಕಿಗಳು ಪುಟದ ವಿಳಾಸದ ಬಾಲದಲ್ಲಿ ಸರ್ವರ್‌ಗೆ ಬರುವಂತಿದ್ದರೆ ಇದು ಚಿನ್ನದ ಗಣಿ. ಲೆಕ್ಕವೆಲ್ಲ ಫೋನಿನಲ್ಲೇ ನಡೆದರೆ ಲಾಗ್‌ನಲ್ಲಿ ಏನೂ ಕಾಣದು. 555 ಆವರ್ತನದ ಸೂತ್ರ 1.44 ಭಾಗಿಸು (ಆರ್1 + 2×ಆರ್2)×ಸಿ. ಆರ್1 10 ಕಿಲೋಓಮ್, ಆರ್2 68 ಕಿಲೋಓಮ್, ಸಿ 10 ಮೈಕ್ರೋಫ್ಯಾರಡ್ ಆದರೆ ಸುಮಾರು 0.99 ಹರ್ಟ್ಜ್, ಸೆಕೆಂಡಿಗೊಮ್ಮೆ ಎಲ್‌ಇಡಿ ಮಿನುಗುತ್ತದೆ. ಪೆಟ್ಟಿಗೆ ಫ್ಯಾರಡ್ ಕೇಳುತ್ತಿದ್ದು ಓದುಗ ಬರೀ 10 ಎಂದು ತುಂಬಿದರೆ ಉತ್ತರದಂತೆ ಒಮ್ಮೆ ಮಿನುಗಲು ಹನ್ನೊಂದು ದಿನಕ್ಕೂ ಹೆಚ್ಚು. ಲಾಗ್‌ನಲ್ಲಿ 10, 47, 100 ಎಂಬ ಒಂಟಿ ಅಂಕಿಗಳು ಸಾಲುಗಟ್ಟಿದ್ದರೆ ತಪ್ಪು ಓದುಗರದಲ್ಲ. ಪಕ್ಕದಲ್ಲಿ ಮೈಕ್ರೋ, ನ್ಯಾನೋ, ಪೈಕೋ ಆಯ್ಕೆ ಇಡಿ, ಮೈಕ್ರೋ ಮೊದಲೇ ಆರಿಸಿರಲಿ.

*ಅಪಾಯದ ಪುಟ.* ಟ್ರಾನ್ಸ್‌ಫಾರ್ಮರ್ ಇಲ್ಲದ ಪವರ್ ಸಪ್ಲೈ ಪುಟ ಇದ್ದರೆ ಪ್ರತಿವಾರ ಅದನ್ನೇ ಮೊದಲು ನೋಡಿ. 230 ವೋಲ್ಟ್, 50 ಹರ್ಟ್ಜ್‌ಗೆ 0.47 ಮೈಕ್ರೋಫ್ಯಾರಡ್ ಎಕ್ಸ್2 (ಮೇನ್ಸ್‌ಗೆಂದೇ ಮಾಡಿದ) ಕೆಪಾಸಿಟರ್ ಕೊಡುವುದು ಸುಮಾರು 34 ಮಿಲಿಆಂಪಿಯರ್. ಎಲ್‌ಇಡಿ ದೀಪಕ್ಕೆ ಸಾಕು, ಫೋನ್ ಚಾರ್ಜಿಗೆ ಯಾವ ಮೂಲೆಗೂ ಸಾಲದು. ಮೇಲಾಗಿ ಔಟ್‌ಪುಟ್ ತಂತಿ ಮುಟ್ಟಿದರೆ ಮೇನ್ಸ್ ಮುಟ್ಟಿದಂತೆಯೇ. ಸರ್ಚ್ ಕನ್ಸೋಲ್‌ನಲ್ಲಿ ಈ ಪುಟದ ಎದುರು ‘ಮೊಬೈಲ್ ಚಾರ್ಜರ್ ಮಾಡುವುದು ಹೇಗೆ’ ಎಂಬ ಹುಡುಕಾಟ ಕಂಡರೆ ಮುಂದಿನ ವಾರಕ್ಕೆ ಕಾಯಬೇಡಿ. ಸರ್ಕ್ಯೂಟ್‌ಗಿಂತ ಮೊದಲು, ಫೋನಿನ ಮೊದಲ ಪರದೆಯಲ್ಲೇ ‘ಇದರಿಂದ ಚಾರ್ಜರ್ ಮಾಡಬೇಡಿ, ಜೀವಕ್ಕೆ ಅಪಾಯ’ ಎಂದು ಬರೆದು, ಸುರಕ್ಷಿತ ಅಡಾಪ್ಟರ್ ಪುಟಕ್ಕೆ ದಾರಿ ತೋರಿಸಿ.

ಹೆಜ್ಜೆ 8: ಸರ್ಚ್ ಕನ್ಸೋಲ್‌ನ ದಿನ ನಮ್ಮ ದಿನವಲ್ಲ

ಏನು ಹುಡುಕಿ ಬಂದರು ಎಂಬುದು ಇಲ್ಲಿ ಮಾತ್ರ ಸಿಗುತ್ತದೆ, ಅದೂ 16 ತಿಂಗಳವರೆಗೆ. ಅದರ ದಿನವಾರು ಲೆಕ್ಕ ಅಮೆರಿಕದ ಪೆಸಿಫಿಕ್ ಸಮಯದ್ದು. ನಮ್ಮ ಮಧ್ಯಾಹ್ನ 12:30ಕ್ಕೆ, ಚಳಿಗಾಲದಲ್ಲಿ 1:30ಕ್ಕೆ, ಅಲ್ಲಿ ತಾರೀಕು ಬದಲಾಗುತ್ತದೆ. ಹಾಗಾಗಿ ಲಾಗ್‌ನ ಸೋಮವಾರವನ್ನು ಕನ್ಸೋಲ್‌ನ ಸೋಮವಾರದ ಜೊತೆ ತಾಳೆ ಹಾಕಬೇಡಿ, ವಾರಕ್ಕೆ ವಾರ ಹೋಲಿಸಿ. ತೀರಾ ಅಪರೂಪದ ಹುಡುಕಾಟಗಳನ್ನು ಗೂಗಲ್ ತೋರಿಸುವುದಿಲ್ಲ, ಅದಕ್ಕೇ ಮೊತ್ತ ಕೂಡಿಬರದು. ತಲೆ ಕೆಡಿಸಿಕೊಳ್ಳಬೇಡಿ.

ಹೆಚ್ಚು ಸಲ ಕಾಣಿಸಿಕೊಂಡೂ ಕಡಿಮೆ ಕ್ಲಿಕ್ ಬಿದ್ದ ಸಾಲುಗಳನ್ನು ಹೆಕ್ಕಿ. ಪುಟದ ತಲೆಬರಹ ‘ಸಂಧಾರಿತ್ರ’ (ಕೆಪಾಸಿಟರ್) ಎಂದಿದ್ದು, ಜನ ಹುಡುಕುವುದು ‘ಫ್ಯಾನ್ ಕೆಪಾಸಿಟರ್ 2.5’ ಎಂದಾದರೆ ಯಾರು ಒತ್ತುತ್ತಾರೆ? ಪಾರಿಭಾಷಿಕ ಪದ ಪುಟದೊಳಗೆ ಇರಲಿ, ತಲೆಬರಹದಲ್ಲಿ ಅಂಗಡಿಯ ಮಾತು ಇರಲಿ.

ಹೆಜ್ಜೆ 9: ಸಿಗದೆ ಹೋದದ್ದನ್ನು ಓದಿ

ಈಗ 404 ಹಾಳೆ ಮತ್ತು ಹುಡುಕು ಪೆಟ್ಟಿಗೆಯ ಸೊನ್ನೆ ಫಲಿತಾಂಶಗಳು. ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಇವೇ.

ಪುಟಗಳಿಗೆ ಕನ್ನಡ ಅಕ್ಷರದ ವಿಳಾಸ ಇಟ್ಟ ತಾಣಗಳಿಗೆ ಒಂದು ವಿಶೇಷ ಕಾಟ ಇದೆ. ಪ್ರತಿ ಕನ್ನಡ ಸಂಕೇತ (ಅಕ್ಷರ, ಕಾಗುಣಿತದ ಗುರುತು, ಅರ್ಧಾಕ್ಷರದ ಗುರುತು ಒಂದೊಂದೂ ಬೇರೆ ಸಂಕೇತ) ಮೂರು ಬೈಟ್, ವಿಳಾಸದಲ್ಲಿ ಅದು ಶೇಕಡಾ ಚಿಹ್ನೆಗಳೊಂದಿಗೆ ಒಂಬತ್ತು ಅಕ್ಷರ. ‘ಡಯೋಡ್’ ಎಂಬುದರಲ್ಲಿ ಐದು ಸಂಕೇತ, ಅಂದರೆ ವಿಳಾಸದಲ್ಲಿ 45 ಅಕ್ಷರ. ಉದ್ದದ ಕೊಂಡಿ ಎಲ್ಲೋ ನಡುವೆ ಕತ್ತರಿಸಿದರೆ 404. ಇನ್ನೂ ಮೋಸದ್ದು: ‘ಯೋ’ದಲ್ಲಿನ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಒಕಾರಕ್ಕೆ ದೀರ್ಘ ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಸರ್ವರ್‌ಗೆ ಬೇರೆಬೇರೆ. ‘ಟ್ರಾನ್ಸಿಸ್ಟರ್‌ಗಳು’ ಎಂಬಲ್ಲಿ ರ್ ಮತ್ತು ಗ ಅಂಟದಂತೆ ತಡೆಯುವ ಕಾಣದ ಅಕ್ಷರವೂ ಹೀಗೆಯೇ: ಒಬ್ಬರ ಕೀಬೋರ್ಡ್ ಹಾಕುತ್ತದೆ, ಇನ್ನೊಬ್ಬರದು ಹಾಕದು. ಪರಿಹಾರ ಸರಳ. ಬಂದ ವಿಳಾಸವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡು ಸಂಕೇತಗಳನ್ನು ಒಂದಾಗಿಸುವ ರೂಪ) ತಂದು, ಕಾಣದ ಅಕ್ಷರಗಳನ್ನು ಕಿತ್ತು, ಆಮೇಲೆ ಪುಟ ಹುಡುಕುವಂತೆ ಸರ್ವರ್‌ಗೆ ಹೇಳಿ. ಹೊಸ ಪುಟಗಳಿಗೆ ವಿಳಾಸವನ್ನು ಇಂಗ್ಲಿಷ್ ಅಕ್ಷರದ ಪಾರ್ಟ್ ನಂಬರ್‌ನಲ್ಲೇ ಇಡುವುದು ಇನ್ನೂ ವಾಸಿ. ಕನ್ನಡದ ಅಭಿಮಾನ ಪುಟದ ಒಳಗೆ ತೋರಿಸಿದರಾಯಿತು.

ಹುಡುಕು ಪೆಟ್ಟಿಗೆಯಲ್ಲಿ ಸೋತ ಪದಗಳನ್ನು ವಾರಕ್ಕೊಮ್ಮೆ ಮೂರು ಗುಂಪು ಮಾಡಿ. ಬರೆಯುವ ರೀತಿ ಬೇರೆಯಾದವು: ಕೆಪಾಸಿಟರ್, ಕಪ್ಯಾಸಿಟರ್, ಕಂಡೆನ್ಸರ್. ಇವಕ್ಕೆ ಸಮಾನಾರ್ಥಕ ಪಟ್ಟಿ ಸಾಕು. ನಿಜವಾಗಿಯೂ ಇಲ್ಲದ ಪುಟಗಳು: ಒಂದು ತಿಂಗಳಲ್ಲಿ ಬೇರೆಬೇರೆ ದಿನ ಐದು ಸಲ ಕೇಳಿದ್ದರೆ ಬರೆಯಲು ಕೂರಿ.

ಮೂರನೆಯ ಗುಂಪು ಬಿಡಿಭಾಗದ ಮೈಮೇಲಿನ ಬರಹ. ಜಪಾನಿ ಟ್ರಾನ್ಸಿಸ್ಟರ್‌ಗಳ ಮೇಲೆ ಸಾಮಾನ್ಯವಾಗಿ ಹೆಸರಿನ ಮೊದಲ ಎರಡು ಅಕ್ಷರ ಅಚ್ಚಾಗಿರುವುದಿಲ್ಲ. ಡೇಟಾಶೀಟ್‌ನಲ್ಲಿ 2ಎಸ್‌ಸಿ1815, ಮೈಮೇಲೆ ಸಿ1815. ಡೇಟಾಶೀಟ್‌ನಲ್ಲಿ 2ಎಸ್‌ಡಿ882, ಮೈಮೇಲೆ ಡಿ882. ಹಳೆಯ ಆಂಪ್ಲಿಫೈಯರ್ ಬೋರ್ಡಿನಿಂದ ಕಿತ್ತದ್ದನ್ನು ಕೈಯಲ್ಲಿ ಹಿಡಿದವನು ಕಂಡದ್ದನ್ನೇ ಟೈಪ್ ಮಾಡುತ್ತಾನೆ, ನಿಮ್ಮ ತಾಣ ‘ಏನೂ ಸಿಗಲಿಲ್ಲ’ ಎನ್ನುತ್ತದೆ. ಎಸ್‌ಎಂಡಿಯಲ್ಲಂತೂ (ಬೋರ್ಡಿನ ಮೇಲ್ಮೈಗೇ ಬೆಸೆಯುವ ಪುಟ್ಟ ಬಿಡಿಭಾಗ) ಹೆಚ್ಚಾಗಿ ಹೆಸರೇ ಇರದು. ಎಂಎಂಬಿಟಿ3904 ಮೇಲೆ ಇರುವುದು ‘1ಎಎಂ’ ಎಂಬಂಥ ಪುಟ್ಟ ಸಂಕೇತ ಮಾತ್ರ. ಪ್ರತಿ ಪಾರ್ಟ್ ಪುಟದಲ್ಲಿ ‘ಮೈಮೇಲೆ ಹೀಗೆ ಬರೆದಿರುತ್ತದೆ’ ಎಂಬ ಒಂದು ಸಾಲು ಸೇರಿಸಿ, ಆ ಬರಹವನ್ನೂ ಹುಡುಕಾಟದ ಪಟ್ಟಿಗೆ ಹಾಕಿ.

ಹೆಜ್ಜೆ 10: ತಿದ್ದಿ, ತಾರೀಕು ಬರೆದಿಡಿ

ಒಂದು ಪುಟಕ್ಕೆ ಹದಿನೈದು ದಿನದಲ್ಲಿ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯದು. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ: ತಾರೀಕು, ಪುಟ, ಏನು ಬದಲಿಸಿದಿರಿ, ಏನು ಕಡಿಮೆಯಾಗಬೇಕು. ಕೊನೆಯದನ್ನು ಮೊದಲೇ ಬರೆಯಿರಿ, ಉದಾಹರಣೆಗೆ ‘2222 ಪುಟಕ್ಕೆ ಅರ್ಧ ಗಂಟೆಯೊಳಗೆ ಮರಳಿ ಬರುವುದು’. ಹೋಲಿಸುವಾಗ ಮಂಗಳವಾರಕ್ಕೆ ಮಂಗಳವಾರ. ಆಯುಧಪೂಜೆಯ ವಾರ, ಸೆಮಿಸ್ಟರ್ ರಜೆ, ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆಯ ದಿನಗಳು ಲೆಕ್ಕಕ್ಕೆ ಬೇಡ. ಆಗ ಅಂಗಡಿ, ಲ್ಯಾಬ್ ಎರಡೂ ಮುಚ್ಚಿರುತ್ತವೆ, ಇಳಿದ ಗೆರೆ ನೋಡಿ ಒಳ್ಳೆಯ ಪುಟವನ್ನು ಕೆಡಿಸಿಬಿಡುತ್ತೀರಿ.

ತಿದ್ದಿದ ಮೇಲೆ ಪುಟದ ಒಟ್ಟು ಭೇಟಿ ಇಳಿಯಲೂಬಹುದು. 7805 ಪುಟಕ್ಕೆ ಶಾಖದ ಲೆಕ್ಕ ಸೇರಿಸಿದ ವಾರ ಹೀಟ್‌ಸಿಂಕ್ ಪುಟ ಬಿಕೋ ಎನ್ನುತ್ತದೆ. ಅದನ್ನು ಹಾಗೇ ಬಿಡಿ.